ಇಲ್ಲದ ಮಗನಿಗೆ ಕೆಲಸ

ಪುತ್ತೂರಿನ ಮುಖ್ಯರಸ್ತೆಯ ಜವಳಿ ಅಂಗಡಿಯೊಂದರಲ್ಲಿ ಉದಯಶಂಕರ ರೈಗಳು ಇಪ್ಪತ್ತೇಳು ವರ್ಷ ಸೀರೆ ಬಿಡಿಸಿ ತೋರಿಸಿದ್ದರು. ಆ ವರ್ಷ ದೀಪಾವಳಿಯ ವ್ಯಾಪಾರ ಮುಗಿದದ್ದೇ ಧಣಿಗಳು ಅಂಗಡಿ ಮುಚ್ಚಿದರು. ಜಗಳ ಇಲ್ಲ, ಮೋಸ ಇಲ್ಲ. ಧಣಿಗಳಿಗೆ ವಯಸ್ಸಾಗಿತ್ತು, ಅವರ ಮಕ್ಕಳಿಗೆ ಬಟ್ಟೆ ವ್ಯಾಪಾರದಲ್ಲಿ ಮನಸ್ಸಿರಲಿಲ್ಲ, ಕಟ್ಟಡವನ್ನು ಮೊಬೈಲ್ ಶೋರೂಮಿನವರು ಕೇಳಿಕೊಂಡು ಬಂದಿದ್ದರು. ಕೊನೆಯ ದಿನ ಧಣಿಗಳು ರೈಗಳ ಕೈ ಹಿಡಿದು ಏನೋ ಹೇಳಲು ಹೊರಟರು. ಮನೆಯವಳಿಗೆ ಒಂದು ಒಳ್ಳೆಯ ಸೀರೆ ನೀವೇ ಆರಿಸಿ ಎಂದಷ್ಟೇ ಹೇಳಿ ಒಳಗೆ ಹೋದರು.

ರೈಗಳಿಗೆ ಆಗ ಐವತ್ತಮೂರು. ಪುತ್ತೂರಿನ ಹತ್ತಿರದ ಕೆಮ್ಮಿಂಜೆಯಲ್ಲಿ ಸಣ್ಣದೊಂದು ಮನೆ. ಹೆಂಡತಿ ಸುಂದರಿ ಹಾಲಿನ ಸೊಸೈಟಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆಯುತ್ತಿದ್ದಳು. ಒಬ್ಬಳೇ ಮಗಳು ಸುಪ್ರಿತಾ ಬಿ.ಎಡ್. ಓದುತ್ತಿದ್ದಳು. ಊಟಕ್ಕೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಬೆಳಿಗ್ಗೆ ಒಂಬತ್ತು ಗಂಟೆಗೆ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಲೆ ಬಾಚಿ, ಚಪ್ಪಲಿ ಮೆಟ್ಟಿದ ಮೇಲೆ ರೈಗಳಿಗೆ ಹೋಗುವುದಕ್ಕೆ ಜಾಗ ಇರಲಿಲ್ಲ.

ಮೊದಲ ವಾರ ಅವರು ಮನೆಯಲ್ಲಿದ್ದ ಬಟ್ಟೆಗಳನ್ನೆಲ್ಲ ಮಡಚಿದರು. ಅಂಗಡಿಯ ಕಪಾಟಿನಂತೆ ಬಣ್ಣಕ್ಕೆ ಬಣ್ಣ ಹೊಂದಿಸಿ, ಅಂಚಿಗೆ ಅಂಚು ಕೂಡಿಸಿ ಇಟ್ಟರು. ಸುಂದರಿ ಸೊಸೈಟಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ಸೀರೆ ಎಳೆದಾಗ ಸಾಲಿಗೆ ಸಾಲೇ ಅವಳ ಕಾಲ ಮೇಲೆ ಬಿತ್ತು. ಎರಡನೆಯ ವಾರ ಅವರು ಹಳೆಯ ಪೇಪರುಗಳನ್ನೂ ಮಡಚತೊಡಗಿದರು. ಅದನ್ನು ನೋಡಿದ ಸುಂದರಿ, ನಿಮ್ಮ ಕೈಗೆ ಕೆಲಸ ಬೇಕು, ನಾಳೆಯಿಂದ ಹೊರಗೆ ಹೋಗಿ ಹುಡುಕಿ ಎಂದಳು.

ಕೆಲಸ ಹುಡುಕುವುದರ ಬಗ್ಗೆ ಪುತ್ತೂರಿನಲ್ಲಿ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಕ್ಷೌರದಂಗಡಿಯವನು ಮುಂಬಯಿಗೆ ಹೋಗಿ, ಹೋಟೆಲಿನವರೆಲ್ಲ ನಿಮ್ಮವರೇ ಅಲ್ಲವೇ ಎಂದ. ಸುಂದರಿಯ ಅಣ್ಣ ಆಡು ಸಾಕಲು ಹೇಳಿದರು. ಅವರು ಸ್ವತಃ ಒಂದು ಆಡನ್ನೂ ಸಾಕಿದವರಲ್ಲ. ದೇವಸ್ಥಾನದಲ್ಲಿ ಸಿಕ್ಕ ಪರಿಚಯದವರೊಬ್ಬರು ಜಾತಕ ಕೇಳಿ, ಮಾರ್ಚ್‌ವರೆಗೆ ಸುಮ್ಮನಿದ್ದರೆ ಸಾಕು, ಶನಿ ತಾನಾಗಿ ಎದ್ದು ಹೋಗುತ್ತಾನೆ ಎಂದು ಸಮಾಧಾನ ಮಾಡಿದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಂತೂ ಬೆಳಗಿನ ನಡಿಗೆಯಲ್ಲಿ ರೈಗಳನ್ನು ತಡೆದು ನಿಲ್ಲಿಸಿ, ಈಗ ಕೆಲಸಕ್ಕೇನೂ ಕೊರತೆ ಇಲ್ಲ, ಕೆಲಸ ಮಾಡುವವರೇ ಇಲ್ಲ ಎಂದು ಅರ್ಧ ಗಂಟೆ ವಿವರಿಸಿದರು. ರೈಗಳು ಎಲ್ಲರ ಮಾತನ್ನೂ ತಲೆ ಆಡಿಸಿ ಕೇಳಿದರು. ಇಪ್ಪತ್ತೇಳು ವರ್ಷ ಗಿರಾಕಿಗಳ ಮಾತು ಕೇಳಿದವರಿಗೆ ಅದೇನೂ ಕಷ್ಟವಲ್ಲ. ಬುದ್ಧಿ ಹೇಳುವವರೆಲ್ಲರಿಗೂ ಒಂದೋ ಕೆಲಸ ಇದೆ, ಇಲ್ಲವೇ ಪಿಂಚಣಿ ಇದೆ ಎನ್ನುವುದು ಮಾತ್ರ ಅವರ ಗಮನಕ್ಕೆ ಬಂತು.

ಬಯೋಡಾಟ ಸುಪ್ರಿತಾ ಮಾಡಿಕೊಟ್ಟಳು. ಅಪ್ಪನನ್ನು ಗೋಡೆಗೆ ಒರಗಿಸಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಪ್ರಾಯ ಬರೆಯದಿದ್ದರೆ ಆಗುವುದಿಲ್ಲವೇ ಎಂದು ರೈಗಳು ಮೆಲ್ಲನೆ ಕೇಳಿದರು. ಬರೆಯದಿದ್ದರೂ ನರೆತ ತಲೆ ಕಾಣುತ್ತದಲ್ಲ ಎಂದು ಮಗಳು ಐವತ್ತಮೂರು ಎಂದೇ ಬರೆದಳು. ನಿಮಗೆ ಏನೇನು ಗೊತ್ತು ಎಂದು ಕೇಳಿದಾಗ ರೈಗಳು ಒಂದು ಲೋಟ ಚಹಾ ಮುಗಿಯುವವರೆಗೆ ಯೋಚಿಸಿ, ಸೀರೆ ಮಡಚಲು ಗೊತ್ತು ಎಂದರು. ಸುಪ್ರಿತಾ ಅದನ್ನು ಇಂಗ್ಲಿಷಿನಲ್ಲಿ ಮೂರು ಸಾಲು ಮಾಡಿದಳು. ಏನು ಬರೆದಿದ್ದಾಳೆಂದು ಅವರು ಕೇಳಲಿಲ್ಲ.

ಬೊಳುವಾರಿನಲ್ಲಿ ಒಂದು ಟೈಲ್ಸ್ ಅಂಗಡಿಯ ಮುಂದೆ ಕೆಲಸಕ್ಕೆ ಜನ ಬೇಕೆಂಬ ಬೋರ್ಡು ತೂಗುತ್ತಿತ್ತು. ರೈಗಳು ಅದರ ಮುಂದೆ ಮೂರು ಸಲ ಹಾದುಹೋಗಿ, ನಾಲ್ಕನೆಯ ಸಲ ಒಳಗೆ ಹೋದರು. ಮಾಲೀಕ ವಿಷ್ಣುಪ್ರಸಾದ್ ನಲವತ್ತರ ಆಸುಪಾಸಿನವನು. ಅವನ ಮದುವೆಯ ಬಟ್ಟೆಯನ್ನು ಅಂಗಡಿಯಲ್ಲಿ ಆರಿಸಿ ಕೊಟ್ಟವರೇ ರೈಗಳು. ಅಂದು ಬಟ್ಟೆ ಕೊಳ್ಳಲು ಬೆಳಿಗ್ಗೆ ಬಂದ ಅವನ ಕುಟುಂಬ ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗಿತ್ತು. ಅವನು ರೈಗಳನ್ನು ನೋಡಿದ್ದೇ ಎದ್ದು ಕುರ್ಚಿ ಕೊಟ್ಟು, ಪುನರ್ಪುಳಿ ಶರಬತ್ತು ತರಿಸಿದ. ರೈಗಳು ಶರಬತ್ತು ಮುಗಿಸಿ, ಬೋರ್ಡು ನೋಡಿದೆ ಎಂದರು.

"ಹೌದು ರೈಗಳೇ, ಜನ ಬೇಕಿತ್ತು. ಮಗನಿಗಾ?"

ರೈಗಳಿಗೆ ಮಗನಿರಲಿಲ್ಲ. ಅಲ್ಲ, ನನಗೇ ಎನ್ನುವ ಎರಡು ಮಾತು ನಾಲಗೆಯ ತುದಿಯಲ್ಲಿತ್ತು. ಆದರೆ ಎದುರಿಗಿದ್ದವನು ಎದ್ದು ನಿಂತು ಕುರ್ಚಿ ಕೊಟ್ಟವನು. ಆ ಎರಡು ಮಾತು ಹೇಳಿದ ಮರುಕ್ಷಣ ಇಬ್ಬರಲ್ಲಿ ಯಾರು ಎಲ್ಲಿ ಕೂತುಕೊಳ್ಳಬೇಕೆಂಬುದು ತಿರುವುಮುರುವಾಗುತ್ತದೆ ಎಂದು ಅವರಿಗೆ ಅನಿಸಿತು.

"ಹೌದು," ಎಂದುಬಿಟ್ಟರು.

"ಹಾಗಾದ್ರೆ ನಾಳೆಯೇ ಕಳ್ಸಿ. ನೀವು ಹೇಳಿದ ಮೇಲೆ ನನಗೆ ನೋಡ್ಲಿಕ್ಕೆ ಎಂತ ಉಂಟು?"

ಹೊರಗೆ ಬಂದ ರೈಗಳು ನೇರ ಬಸ್ಸು ಹತ್ತಿದರು. ನಾಳೆ ಬೆಳಿಗ್ಗೆ ಒಬ್ಬ ಮಗ ಬೇಕು. ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದಾಗ ನೆರೆಮನೆಯ ಕೌಶಲ್ ನೆನಪಾದ. ಬಿ.ಕಾಂ. ಮುಗಿಸಿ ಒಂದು ವರ್ಷದಿಂದ ಮನೆಯಲ್ಲಿದ್ದ ಹುಡುಗ. ಮರುದಿನ ರೈಗಳು ಅವನನ್ನು ತಾವೇ ಕರೆದುಕೊಂಡು ಹೋಗಿ, ಮಗ ಎಂದರೆ ಸ್ವಂತ ಮಗ ಅಲ್ಲ, ನೆರೆಮನೆಯವನು, ಮಗನ ಹಾಗೆಯೇ ಎಂದು ಹೇಳಿದರು. ವಿಷ್ಣುಪ್ರಸಾದನಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ಕೌಶಲ್ ಅಂದೇ ಕೆಲಸಕ್ಕೆ ನಿಂತ. ಸಂಜೆ ಅವನ ತಾಯಿ ಒಂದು ಕಟ್ಟು ಹಲಸಿನ ಹಪ್ಪಳ ತಂದುಕೊಟ್ಟು, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಕಣ್ಣೊರೆಸಿಕೊಂಡಳು. ರೈಗಳಿಗೆ ನಾಚಿಕೆಯಾಯಿತು. ಆದರೆ ಹಪ್ಪಳ ಚೆನ್ನಾಗಿತ್ತು.

ಜನವರಿಯಲ್ಲಿ ರಾಮಕುಂಜದ ಕಡೆಯ ಒಂದು ಶಾಲೆಯ ಕಚೇರಿಗೆ ಸಹಾಯಕರು ಬೇಕಾಗಿದ್ದಾರೆಂದು ಸುಪ್ರಿತಾಳ ಮೊಬೈಲಿಗೆ ಸುದ್ದಿ ಬಂತು. ಪ್ರಾಯದ ಮಾತೇ ಅದರಲ್ಲಿ ಇರಲಿಲ್ಲ. ರೈಗಳು ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಹತ್ತು ಗಂಟೆಗೆ ಶಾಲೆ ತಲುಪಿದರು. ಈ ಸಲ ಯಾರು ಏನು ಕೇಳಿದರೂ ನನಗೇ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಲಿತುಕೊಂಡಿದ್ದರು.

ಜಗಲಿಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಕೈಯಲ್ಲಿ ಫೈಲು. ಸೀರೆ ಉಟ್ಟು ಅಭ್ಯಾಸ ಇಲ್ಲವೆಂಬುದು ಯಾರಿಗೂ ತಿಳಿಯುವಂತಿತ್ತು. ಎರಡು ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ನಿರಿಗೆ ಅರ್ಧ ಬಿಚ್ಚಿಹೋಗಿ, ಅವಳು ಅದನ್ನು ಎಡಗೈಯಲ್ಲಿ ಮುದ್ದೆಮಾಡಿ ಹಿಡಿದುಕೊಂಡಿದ್ದಳು. ರೈಗಳು ಎರಡು ನಿಮಿಷ ಬೇರೆ ಕಡೆ ನೋಡಲು ಪ್ರಯತ್ನಪಟ್ಟರು. ಆಗಲಿಲ್ಲ. ಆ ಕಡೆಯಿಂದ ಹೋಗುತ್ತಿದ್ದ ಶಾಲೆಯ ಆಯಾ ಒಬ್ಬಳನ್ನು ಕರೆದು, ಈ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ಸೀರೆ ಸರಿಮಾಡಿಕೊಡು ಎಂದರು. ಆಯಾಳಿಗೂ ಗಂಜಿ ಹಾಕಿದ ಕಾಟನ್ ಸೀರೆಯ ಅಂದಾಜಿರಲಿಲ್ಲ. ರೈಗಳು ಹೆಗಲ ಮೇಲಿದ್ದ ಶಾಲನ್ನೇ ತೆಗೆದು ಬೆರಳುಗಳ ನಡುವೆ ನಿರಿಗೆ ಮಾಡಿ ತೋರಿಸಿದರು. ಐದೇ ನಿರಿಗೆ ಸಾಕು, ಅಗಲ ಇಷ್ಟಿರಲಿ, ಪಿನ್ನನ್ನು ಒಳಮಗ್ಗುಲಿಂದ ಹಾಕು ಎಂದು ಹೇಳಿಕೊಟ್ಟರು. ಹತ್ತು ನಿಮಿಷದಲ್ಲಿ ಹುಡುಗಿ ಹೊರಗೆ ಬಂದಾಗ ಅವಳ ನಡಿಗೆಯೇ ಬೇರೆಯಾಗಿತ್ತು.

ಅವಳ ಹೆಸರು ಭವಿತಾ, ಪಂಜದವಳು. ಇದು ಅವಳ ಏಳನೆಯ ಸಂದರ್ಶನವಂತೆ. ಮನೆಯಲ್ಲಿ ಅಮ್ಮ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏಳು ದೇವರಿಗೆ ಹರಕೆ ಹೇಳಿಕೊಂಡಿದ್ದಾಳೆ, ಇನ್ನು ಉಳಿದ ದೇವರು ಕಡಿಮೆ ಎಂದು ನಕ್ಕಳು. ಅಷ್ಟು ಹೊತ್ತಿಗೆ ಅವಳ ಹೆದರಿಕೆ ಅರ್ಧ ಕಡಿಮೆಯಾಗಿತ್ತು.

"ಅಂಕಲ್, ನೀವು ಯಾರನ್ನು ಕರ್ಕೊಂಡು ಬಂದದ್ದು?"

"ಒಬ್ಬರನ್ನು," ಎಂದರು ರೈಗಳು. "ಅವರು ಇನ್ನೂ ಬರ್ಲಿಕ್ಕುಂಟು."

ಅವಳನ್ನು ಒಳಗೆ ಕರೆದಾಗ ಕೊಡೆಯನ್ನೂ ಚೀಲವನ್ನೂ ರೈಗಳ ಕೈಗೆ ಕೊಟ್ಟು ಹೋದಳು. ಒಳಗಿನಿಂದ ಅವಳ ಸ್ವರ ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ ಕೇಳಿಸಿತು. ಇಪ್ಪತ್ತು ನಿಮಿಷ ಕಳೆದು ನಗುತ್ತಾ ಬಂದಳು. ಗುಮಾಸ್ತ ಬಾಗಿಲಿಗೆ ಬಂದು ಇನ್ನು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಅವನ ಕಣ್ಣು ರೈಗಳನ್ನು ದಾಟಿ ಜಗಲಿಯ ತುದಿಯವರೆಗೆ ಹೋಗಿ ಹಿಂತಿರುಗಿತು. ಮಡಿಲಲ್ಲಿ ಹುಡುಗಿಯ ಚೀಲ, ಕೈಯಲ್ಲಿ ಅವಳ ಕೊಡೆ. ಇಲ್ಲ, ಇನ್ನು ಯಾರೂ ಇಲ್ಲ ಎಂದರು ರೈಗಳು.

ಹೊರಡುವಾಗ ರೈಗಳ ನಂಬರು ಬರೆದುಕೊಂಡಿದ್ದ ಭವಿತಾ ಎರಡು ದಿನ ಕಳೆದು ಫೋನ್ ಮಾಡಿ ಕೆಲಸ ಸಿಕ್ಕಿತು ಎಂದಳು. ರೈಗಳಿಗೆ ನಿಜವಾಗಿಯೂ ಸಂತೋಷವಾಯಿತು. ಅದೇ ವಾರ ಅವಳ ಅಪ್ಪ ಚನಿಯಪ್ಪ ಗೌಡರು ಪಂಜದಿಂದ ಒಂದು ಬಾಟಲಿ ಜೇನು ಹಿಡಿದುಕೊಂಡು ಕೆಮ್ಮಿಂಜೆ ಹುಡುಕಿಕೊಂಡು ಬಂದರು. ಬರುವ ದಾರಿಯಲ್ಲಿ ಮನೆ ಎಲ್ಲಿ ಎಂದು ಕೇಳಿದ ಕಡೆಯಲ್ಲೆಲ್ಲ, ನನ್ನ ಮಗಳಿಗೆ ಕೆಲಸ ಕೊಡಿಸಿದ ರೈಗಳ ಮನೆ ಎಂದು ಹೇಳುತ್ತಾ ಬಂದಿದ್ದರು. ರೈಗಳು ತಾನೇನೂ ಮಾಡಿಲ್ಲವೆಂದು ಎಷ್ಟು ಹೇಳಿದರೂ ಅವರು ಅದನ್ನು ದೊಡ್ಡವರ ವಿನಯ ಎಂದೇ ತಿಳಿದರು.

ಅಲ್ಲಿಂದ ಜನ ಬರಲು ಶುರುಮಾಡಿದರು. ಅಂಗಡಿ ಇದ್ದಾಗ ತಾಲೂಕಿನ ಎಲ್ಲರನ್ನೂ ಕಂಡವರು, ಇವರ ಒಂದು ಮಾತು ಸಾಕಂತೆ ಎಂಬ ಸುದ್ದಿ ಹೇಗೋ ಹರಡಿತ್ತು. ಕೆಲವರು ಮಗನ ಬಯೋಡಾಟ ಕೊಟ್ಟರು, ಒಬ್ಬರು ಸೊಸೆಯದ್ದು, ಒಬ್ಬ ಮುದುಕ ಮೊಮ್ಮಗನ ಅಂಕಪಟ್ಟಿಯ ಮೂಲ ಪ್ರತಿಯನ್ನೇ ಬಿಟ್ಟು ಹೋದ. ರೈಗಳು ಎಲ್ಲವನ್ನೂ ಜಗಲಿಯ ದಂಡೆಯ ಮೇಲೆ ಹಾರಿಹೋಗದಂತೆ ಕಲ್ಲು ಹೇರಿ ಇಟ್ಟರು. ಒಂದು ಸಂಜೆ ಸುಂದರಿ ಸೊಸೈಟಿಯಿಂದ ಬರುವಾಗ ಜಗಲಿಯಲ್ಲಿ ಮೂವರು ಕೂತಿದ್ದರು. ಅವರಿಗೆ ಚಹಾ ಮಾಡಿಕೊಟ್ಟು, ಅವರು ಹೋಗುವವರೆಗೆ ಕಾದು, ಅವಳು ಗಂಡನ ಎದುರು ಬಂದು ಕೂತಳು.

ಇದೆಲ್ಲ ಎಂತ ಎಂದು ಕೇಳಿದಾಗ ರೈಗಳು ಎಲ್ಲ ಹೇಳಿಬಿಟ್ಟರು. ವಿಷ್ಣುಪ್ರಸಾದ್ ಕೇಳಿದ್ದು, ತಾನು ಹೌದು ಎಂದದ್ದು, ರಾಮಕುಂಜದಲ್ಲಿ ತನ್ನ ಬಯೋಡಾಟ ಚೀಲದಿಂದ ಹೊರಗೇ ಬರಲಿಲ್ಲ ಎಂಬುದು. ಸುಂದರಿ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು. ಒಳಗೆ ಓದುತ್ತಿದ್ದ ಸುಪ್ರಿತಾಳೂ ಹೊರಗೆ ಬಂದಳು.

"ಇಲ್ಲದ ಮಗನಿಗೆ ಮೂರು ತಿಂಗಳಿಂದ ಕೆಲಸ ಹುಡುಕುದಾ ನೀವು?" ಎಂದಳು ಸುಂದರಿ. ನಗು ನಿಂತ ಮೇಲೆ ಅವಳ ಸ್ವರ ಮೆತ್ತಗಾಯಿತು. "ನಾನು ದಿನಾ ಜನರ ಎದುರು ಹಾಲು ಅಳೀತೇನೆ. ನನಗೆ ನಾಚಿಕೆ ಇಲ್ಲ. ನಿಮಗೆ ಎಂತದು?"

ರೈಗಳು ದಂಡೆಯ ಮೇಲಿನ ಬಯೋಡಾಟಗಳನ್ನು ಅಂಚಿಗೆ ಅಂಚು ಕೂಡಿಸತೊಡಗಿದರು. ಸುಪ್ರಿತಾಳಿಗೆ ಬೇರೆಯೇ ಬೇಸರ. ಎಲ್ಲರೂ ಮಗನಿಗಾ ಎಂದೇ ಕೇಳುತ್ತಾರೆ, ಮಗಳಿಗಾ ಎಂದು ಒಬ್ಬರಾದರೂ ಕೇಳಬಾರದೇ ಎಂದಳು. ಮತ್ತೆ ಮೂವರೂ ನಕ್ಕರು.

ಮರುದಿನವೇ ರೈಗಳು ಕಡಬಕ್ಕೆ ಹೋದರು. ಅಲ್ಲಿ ಹೊಸದಾಗಿ ತೆರೆದ ಸೂಪರ್ ಮಾರ್ಕೆಟ್ ಒಂದಕ್ಕೆ ಜನ ಬೇಕಿತ್ತು. ಮ್ಯಾನೇಜರ್ ಸಂಪ್ರೀತ್ ಎಂಬ ಹುಡುಗ. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ ಇರಬಹುದು, ಕಿವಿಯಲ್ಲಿ ಸದಾ ಫೋನಿನ ತುಂಡು. ರೈಗಳನ್ನು ನೋಡಿದ್ದೇ ಅದೇ ಪ್ರಶ್ನೆ.

"ಮಗನಿಗಾ ಅಂಕಲ್?"

"ಅಲ್ಲ. ನನಗೆ."

ಹೇಳುವಾಗ ಸ್ವರ ಸ್ವಲ್ಪ ದೊಡ್ಡದಾಯಿತು. ಬೇಳೆ ಪ್ಯಾಕೆಟ್ ಜೋಡಿಸುತ್ತಿದ್ದ ಹುಡುಗಿಯೊಬ್ಬಳು ತಿರುಗಿ ನೋಡಿದಳು. ಸಂಪ್ರೀತ್ ಕಿವಿಯ ಫೋನು ತೆಗೆದು, ಮರ್ಯಾದೆಯಿಂದಲೇ ಮಾತಾಡಿದ. ಇಪ್ಪತ್ತೈದು ಕಿಲೋದ ಅಕ್ಕಿ ಚೀಲ ಎತ್ತಬೇಕಾಗುತ್ತದೆ ಎಂದ. ರೈಗಳು ಅಲ್ಲೇ ಒಂದನ್ನು ಎತ್ತಿ ಹೆಗಲಿಗೆ ಹಾಕಿ, ಆ ತುದಿಯವರೆಗೆ ನಡೆದು, ಇಳಿಸಿ ಬಂದರು. ಬಟ್ಟೆಯ ಬೇಲು ಎತ್ತಿದ ಹೆಗಲು ಅದು. ಬಿಲ್ಲಿಂಗ್ ಕಂಪ್ಯೂಟರ್ ಗೊತ್ತುಂಟಾ ಎಂದಾಗ ಮಾತ್ರ ಗೊತ್ತಿಲ್ಲ ಎಂದರು. ಅದು ಗೊತ್ತಿಲ್ಲದಿದ್ದರೆ ಕಷ್ಟ, ಎಲ್ಲರೂ ಸರದಿಯಲ್ಲಿ ಬಿಲ್ಲಿಗೆ ಕೂರಬೇಕು, ಬೇಸರ ಮಾಡಬೇಡಿ ಎಂದ ಸಂಪ್ರೀತ್.

ರೈಗಳು ಬೇಸರ ಮಾಡಿಕೊಳ್ಳಬೇಕೆಂದು ಹೊರಗೆ ಬಂದರು. ಆದರೆ ಬೇಸರ ಬರಲಿಲ್ಲ. ಎಷ್ಟೋ ದಿನಗಳಿಂದ ಹೊತ್ತುಕೊಂಡಿದ್ದದ್ದನ್ನು ಆ ಅಕ್ಕಿ ಚೀಲದ ಜೊತೆಗೆ ಒಳಗೇ ಇಳಿಸಿ ಬಂದಂತೆ ಮೈ ಹಗುರಾಗಿತ್ತು. ಈ 'ಇಲ್ಲ' ಬೇರೆ ಯಾರದ್ದೂ ಅಲ್ಲ, ತನಗೇ ಸಿಕ್ಕಿದ್ದು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಟೆಲಿಗೆ ಹೋಗಿ ಒಂದು ಪ್ಲೇಟು ಗೋಳಿಬಜೆ ತಿಂದರು, ಸಾಲದೆಂದು ಇನ್ನೊಂದು ತರಿಸಿದರು. ಸುಂದರಿಗೆ ಫೋನ್ ಮಾಡಿ, ನನಗೇ ಎಂದು ಹೇಳಿದೆ, ಅವರು ಆಗುವುದಿಲ್ಲ ಎಂದರು ಎಂದು ತಿಳಿಸಿದರು. ಆಗುವುದಿಲ್ಲ ಎಂದದ್ದನ್ನು ಇಷ್ಟು ಖುಷಿಯಲ್ಲಿ ಹೇಳುವವರನ್ನು ನಾನು ನೋಡಿರಲಿಲ್ಲ ಎಂದಳು ಸುಂದರಿ.

ಭಾನುವಾರ ಬೆಳಿಗ್ಗೆ ಸಿದ್ದೀಕ್ ಬಂದ. ಅವನು ಸಾಮಾನು ಸಾಗಿಸುವ ಟೆಂಪೋದವನು, ಜವಳಿ ಅಂಗಡಿಗೆ ಹತ್ತು ವರ್ಷ ಬೇಲು ತಂದು ಇಳಿಸಿದವನು. ಅವನ ಕೈಯಲ್ಲೂ ಒಂದು ಕಾಗದ, ಹೆಂಡತಿಯ ತಮ್ಮನ ಬಯೋಡಾಟ. ರೈಗಳು ಅದನ್ನು ತೆಗೆದುಕೊಂಡು ನೋಡಿದರು. ಹುಡುಗನಿಗೆ ಕಂಪ್ಯೂಟರ್ ಬರುತ್ತಿತ್ತು. ಕಡಬದ ಸೂಪರ್ ಮಾರ್ಕೆಟಿಗೆ ಇಂಥವನೇ ಬೇಕು, ಸಂಪ್ರೀತ್ ಎನ್ನುವವನನ್ನು ಕಾಣಲಿ ಎಂದು ಹೇಳಿದರು. ಆಮೇಲೆ ಒಂದು ಉಸಿರು ತೆಗೆದುಕೊಂಡು, ನನಗೂ ಒಂದು ಕೆಲಸ ಬೇಕು ಸಿದ್ದೀಕ್, ದೀಪಾವಳಿಯಿಂದ ಹುಡುಕುತ್ತಾ ಇದ್ದೇನೆ, ಕಡಬದವರು ನನ್ನನ್ನು ಬೇಡ ಎಂದರು ಎಂದು ಮುಗಿಸಿದರು.

ಸಿದ್ದೀಕ್ ಕೂತಲ್ಲಿಂದ ಎದ್ದೇ ಬಿಟ್ಟ.

"ಎಂತ ಮಾರಾಯ್ರೆ ನೀವು. ಇದನ್ನು ಹೇಳ್ಬೇಕಲ್ವಾ? ನೀವು ದಿನಾ ಇಸ್ತ್ರಿ ಅಂಗಿ ಹಾಕಿ ಬಸ್ಸಿನಲ್ಲಿ ಹೋಗುದು ನೋಡಿ, ಎಲ್ಲೋ ದೊಡ್ಡ ಕಡೆ ಸೇರಿದ್ದೀರಿ ಅಂತ ನಾವು ಮಾತಾಡಿಕೊಂಡದ್ದು."

ಸುಳ್ಯದಲ್ಲಿ ಶಾಲೆಗಳ ಯೂನಿಫಾರ್ಮ್ ಹೊಲಿಯುವ ಒಂದು ಘಟಕ ಇದೆ, ನಡೆಸುವವರು ಐಸಮ್ಮ ಎಂಬವರು, ಅವರಿಗೆ ಬಟ್ಟೆ ತಿಳಿದವರು ಒಬ್ಬರು ಬೇಕೇ ಬೇಕು ಎಂದು ಎರಡು ತಿಂಗಳಿಂದ ಹೇಳುತ್ತಿದ್ದಾರೆ ಎಂದ. ಅವನೇ ವಾರಕ್ಕೊಮ್ಮೆ ಅಲ್ಲಿಗೆ ಥಾನುಗಳನ್ನು, ಅಂದರೆ ಸುತ್ತಿಟ್ಟ ಇಡೀ ಬಟ್ಟೆಗಳನ್ನು, ಇಳಿಸುತ್ತಿದ್ದ. ಅಲ್ಲೇ ನಿಂತು ಫೋನ್ ಮಾಡಿ, ನಾಳೆ ಹನ್ನೊಂದಕ್ಕೆ ಬರುತ್ತಾರೆ ಎಂದು ತೀರ್ಮಾನ ಮಾಡಿಯೂ ಬಿಟ್ಟ.

ಐಸಮ್ಮನ ಘಟಕ ಸುಳ್ಯದ ಬಸ್ ನಿಲ್ದಾಣದಿಂದ ದೂರವಿರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಹೊಲಿಗೆ ಯಂತ್ರಗಳ ಸದ್ದು ಕೇಳಿಸಿತು. ಹನ್ನೊಂದು ಮಂದಿ ಹೆಂಗಸರು ಸಾಲಾಗಿ ಕೂತಿದ್ದರು, ಗೋಡೆಯುದ್ದಕ್ಕೂ ನೀಲಿ, ಬಿಳಿ, ಕಂದು ಥಾನುಗಳು. ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದಾಗ ರೈಗಳಿಗೆ ಮನೆಗೆ ಬಂದಂತಾಯಿತು. ಐಸಮ್ಮ ಅರವತ್ತು ದಾಟಿದವರು. ಗಂಡ ತೀರಿದ ಮೇಲೆ ಒಂದು ಯಂತ್ರದಿಂದ ಶುರುಮಾಡಿ ಇಷ್ಟಕ್ಕೆ ತಂದವರು ಎಂದು ಸಿದ್ದೀಕ್ ಹೇಳಿದ್ದ. ಅವರ ಮಗಳು ಸುಹರಾ ಕಂಪ್ಯೂಟರ್ ಎದುರು ಕೂತಿದ್ದಳು.

ಬಯೋಡಾಟವನ್ನು ಸುಹರಾ ಓದಿದಳು. ಸ್ಕೂಟರ್ ಬಿಡಲು ಬರುತ್ತದೆಯೇ, ಕಂಪ್ಯೂಟರ್ ಬರುತ್ತದೆಯೇ ಎಂದು ಕೇಳಿದಳು. ಎರಡಕ್ಕೂ ರೈಗಳು ಇಲ್ಲ ಎಂದರು. ಅವಳು ತಾಯಿಯ ಕಡೆ ತಿರುಗಿ ಬ್ಯಾರಿ ಭಾಷೆಯಲ್ಲಿ ಮಾತಾಡತೊಡಗಿದಳು. ಮನುಷ್ಯರು ಒಳ್ಳೆಯವರ ಹಾಗೆ ಕಾಣುತ್ತಾರೆ, ಆದರೆ ಪ್ರಾಯ ಆಯಿತು, ಶಾಲೆಗಳಿಗೆ ಓಡಾಡಬೇಕು, ಇವರಿಗೆ ಬೇಡ ಎಂದು ಹೇಗೆ ಹೇಳುವುದು ಎಂದಳು. ಐಸಮ್ಮ ಅದಕ್ಕೆ ಏನೋ ಹೇಳುವ ಮೊದಲೇ ರೈಗಳು ಗಂಟಲು ಸರಿಮಾಡಿಕೊಂಡರು.

"ಅಲ್ಲ, ನನಗೆ ಬ್ಯಾರಿ ಭಾಷೆ ಅರ್ಥ ಆಗ್ತದೆ. ಬೇಕಾದ್ರೆ ಸ್ವಲ್ಪ ಹೊತ್ತು ಹೊರಗೆ ನಿಲ್ತೇನೆ."

ಸುಹರಾ ನಾಲಗೆ ಕಚ್ಚಿಕೊಂಡಳು. ಐಸಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಹತ್ತಿರದ ಯಂತ್ರದ ಹುಡುಗಿಯೂ ಹೊಲಿಗೆ ನಿಲ್ಲಿಸಿ ನಕ್ಕಳು. ಎಲ್ಲಿ ಕಲಿತದ್ದು ಎಂದು ಐಸಮ್ಮ ಕೇಳಿದರು. ಕಲಿತದ್ದಲ್ಲ, ಮದುವೆಯ ಬಟ್ಟೆಗೆ ಬಂದವರು ಬಣ್ಣ ಸರಿಯಿಲ್ಲ ಎಂದು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದನ್ನು ಇಪ್ಪತ್ತೇಳು ವರ್ಷ ಕೇಳಿ ಬಂದದ್ದು ಎಂದರು ರೈಗಳು.

ಐಸಮ್ಮ ಎದ್ದು ಹೋಗಿ, ಹಿಂದಿನ ದಿನವಷ್ಟೇ ಬಂದ ಒಂದು ತಿಳಿನೀಲಿ ಥಾನನ್ನು ಮೇಜಿನ ಮೇಲೆ ತಂದು ಹಾಕಿದರು. ಇದನ್ನು ನೋಡಿ ಹೇಳಿ ಎಂದರು. ರೈಗಳು ತುದಿಯನ್ನು ಹೆಬ್ಬೆರಳಲ್ಲಿ ಉಜ್ಜಿದರು, ಮುಷ್ಟಿಯಲ್ಲಿ ಹಿಚುಕಿ ಬಿಟ್ಟರು, ಒಂದು ಎಳೆ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದರು. ಬಟ್ಟೆ ಒಳ್ಳೆಯದೇ, ಮಕ್ಕಳ ಬೆವರಿಗೆ ತಡೆಯುತ್ತದೆ ಎಂದರು. ಆಮೇಲೆ ಥಾನಿನ ಪಕ್ಕವನ್ನು, ಬಟ್ಟೆ ಸುತ್ತಿಕೊಂಡ ಅಂಚುಗಳು ಕಾಣುವ ಕಡೆಯನ್ನು, ತುಂಬಾ ಹೊತ್ತು ನೋಡಿದರು.

"ಇದನ್ನು ಪೂರ್ತಿ ಬಿಡಿಸ್ಬೇಕು ಐಸಮ್ಮಕ್ಕ. ನಡುವಿನಲ್ಲಿ ಬಣ್ಣ ಬದಲು ಉಂಟು ಅಂತ ಕಾಣ್ತದೆ."

ಸುಹರಾಳಿಗೆ ನಂಬಿಕೆಯಾಗಲಿಲ್ಲ. ಆದರೂ ಎದ್ದು ಬಂದು ಒಂದು ತುದಿ ಹಿಡಿದಳು. ರೈಗಳು ಬಿಡಿಸುತ್ತಾ ಹೋದರು. ಬಟ್ಟೆ ಅವರ ಕೈಯಿಂದ ಮೇಜಿನ ಮೇಲೆ ನೀರಿನ ಹಾಗೆ ಹರಿಯಿತು. ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಇಪ್ಪತ್ತು ಮೀಟರಿನವರೆಗೆ ಏನೂ ಇಲ್ಲ. ಸುಹರಾ ತಾಯಿಯ ಮುಖ ನೋಡಿದಳು. ರೈಗಳಿಗೂ ಒಳಗೊಳಗೇ ಅಳುಕಾಯಿತು, ಕಣ್ಣು ಮೋಸ ಮಾಡಿತೇನೋ ಎಂದು. ಇನ್ನು ನಾಲ್ಕು ಸುತ್ತು ಬಿಡಿಸಿದಾಗ ಒಂದು ಸಣ್ಣ ಜೋಡಣೆ ಕಾಣಿಸಿತು. ಅಲ್ಲಿಂದಾಚೆ ನೀಲಿ ಒಂದು ಕೂದಲೆಳೆಯಷ್ಟು ಗಾಢ. ಬೇರೆಬೇರೆ ನೋಡಿದರೆ ತಿಳಿಯುವುದಿಲ್ಲ, ಎರಡನ್ನೂ ಪಕ್ಕದಲ್ಲಿಟ್ಟರೆ ಯಾರಿಗೂ ತಿಳಿಯುತ್ತದೆ.

"ಇದ್ರಲ್ಲಿ ತೋಳು ಒಂದು ಕಡೆಯಿಂದ, ಎದೆ ಇನ್ನೊಂದು ಕಡೆಯಿಂದ ಕತ್ತರಿಸ್ತಿದ್ದೆವು," ಎಂದಳು ಸುಹರಾ ಮೆಲ್ಲಗೆ.

ಮೋಸವೇ ಇರಬೇಕೆಂದಿಲ್ಲ, ಬಣ್ಣ ಹಾಕುವಾಗ ಎರಡು ಪಾಳಿ ಆಗಿರಬಹುದು, ಹೇಳಿದರೆ ಬದಲಿಸಿ ಕೊಡುತ್ತಾರೆ ಎಂದರು ರೈಗಳು. ಹೇಳುವುದಕ್ಕೂ ಒಂದು ಕ್ರಮ ಇದೆ, ಬೇಕಾದರೆ ನಾನೇ ಮಾತಾಡುತ್ತೇನೆ ಎಂದೂ ಸೇರಿಸಿದರು. ಸುಹರಾ ಕೂಡಲೇ ಫೋನನ್ನು ಅವರ ಕೈಗೆ ಕೊಟ್ಟಳು. ಐದು ನಿಮಿಷದ ಮಾತಿನಲ್ಲಿ ಆ ಕಡೆಯವರು ಬದಲಿ ಥಾನು ಕಳಿಸಲು ಒಪ್ಪಿದರು. ಇತ್ತ ಐಸಮ್ಮ ಎಲ್ಲರಿಗೂ ಚಹಾ ಹೇಳಿದರು.

ಸಂಬಳ ಹಿಂದಿನದಕ್ಕಿಂತ ಕಡಿಮೆಯಿತ್ತು, ಐಸಮ್ಮ ಅದನ್ನು ಮುಚ್ಚಿಡಲಿಲ್ಲ. ಪುತ್ತೂರಿನಿಂದ ದಿನಾ ಬಂದು ಹೋಗುವುದು ನಿಮಗೆ ಕಷ್ಟವಾಗುವುದಿಲ್ಲವೇ ಎಂದು ಸುಹರಾ ಕೇಳಿದಳು. ಮೂರು ತಿಂಗಳಿಂದ ಕೆಲಸ ಇಲ್ಲದೆಯೇ ಬಸ್ಸಿನಲ್ಲಿ ತಿರುಗಾಡಿದ್ದೇನೆ, ಇನ್ನು ಕೆಲಸಕ್ಕೆ ತಿರುಗಾಡುವುದು ಕಷ್ಟವೇ ಎಂದರು ರೈಗಳು. ಪ್ರಾಯದ ಮಾತು ಮತ್ತೆ ಬರಲೇ ಇಲ್ಲ. ಐಸಮ್ಮ ಮಾತ್ರ ಚಹಾ ಕುಡಿಯುತ್ತಾ, ನನಗೆ ಅರವತ್ತೊಂದು, ನನ್ನನ್ನು ಬೇಡ ಅಂತ ಹೇಳಲಿಕ್ಕೆ ಇವಳಿಗೆ ಧೈರ್ಯ ಇಲ್ಲ ಎಂದು ಮಗಳನ್ನು ತೋರಿಸಿದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ರೈಗಳು ಮೆಟ್ಟಿಲವರೆಗೆ ಹೋದರು. ಅಲ್ಲಿಂದ ತಿರುಗಿ ಬಂದು, ಮನೆಯಲ್ಲಿ ಎಂತ ಹೇಳುತ್ತಾರೆಂದು ಗೊತ್ತುಂಟು, ನಾಳೆಯೇ ಬರುತ್ತೇನೆ ಎಂದರು.

ಮೊದಲ ದಿನ ಅವರು ಥಾನುಗಳನ್ನೆಲ್ಲ ಕೆಳಗಿಳಿಸಿ, ಶಾಲೆಗೊಂದು ಸಾಲು ಮಾಡಿ ಜೋಡಿಸಿದರು. ಹೆಂಗಸರಿಗೆ ಅವರನ್ನು ಏನೆಂದು ಕರೆಯಬೇಕೆಂದು ಸ್ವಲ್ಪ ಗೊಂದಲವಿತ್ತು. ಮಧ್ಯಾಹ್ನದೊಳಗೆ ಅದು ರೈ ಅಣ್ಣ ಎಂದು ಇತ್ಯರ್ಥವಾಯಿತು. ಸುಹರಾ ಕಂಪ್ಯೂಟರಿನ ಎದುರು ಇನ್ನೊಂದು ಕುರ್ಚಿ ಹಾಕಿ, ದಿನಕ್ಕೆ ಅರ್ಧ ಗಂಟೆ ಕಲಿಸುತ್ತೇನೆ, ನೀವು ನನಗೆ ಬಟ್ಟೆ ಕಲಿಸಿ ಎಂದಳು. ಊರಿನ ಒಂದು ಶಾಲೆಯ ಮಕ್ಕಳ ಅಳತೆ ತೆಗೆಯಲು ಮರುದಿನ ಸಿದ್ದೀಕನ ಟೆಂಪೋದಲ್ಲಿ ಹೋಗುವುದೆಂದೂ ನಿಶ್ಚಯವಾಯಿತು.

ಊಟದ ಹೊತ್ತು ಕಳೆದು ಸುಂದರಿಯ ಫೋನ್ ಬಂತು. ಬುತ್ತಿಯಲ್ಲಿ ಹಾಕಿದ ಬಸಳೆ ಸಾರು ಹುಳಿಯಾಗಲಿಲ್ಲವೇ, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದೆಲ್ಲ ವಿಚಾರಿಸಿದಳು. ಆಮೇಲೆ ಸೊಸೈಟಿಯಲ್ಲಿ ಬೆಳಿಗ್ಗೆ ನಡೆದ ಒಂದು ಉದ್ದದ ಕತೆ ಶುರುಮಾಡಿದಳು. ರೈಗಳು ಕತ್ತರಿಸುವ ಮೇಜಿನ ಎದುರು ನಿಂತಿದ್ದರು. ಒಬ್ಬ ಹುಡುಗಿ ಯಾವ ಥಾನು ತೆಗೆಯಲಿ ಎಂದು ಸನ್ನೆಯಲ್ಲೇ ಕೇಳುತ್ತಿದ್ದಳು.

"ಈಗ ಕೆಲಸದಲ್ಲಿದ್ದೇನೆ," ಎಂದರು ರೈಗಳು. "ಮತ್ತೆ ಮಾಡ್ತೇನೆ."

ಆ ಕಡೆ ಸುಂದರಿ ಕತೆಯನ್ನು ಅರ್ಧಕ್ಕೇ ಬಿಟ್ಟಳು. ಆಮೇಲೆ, ಆಗಲಿ, ಆಗಲಿ, ಕೆಲಸ ನೋಡಿ ಎಂದು ನಗುತ್ತಾ ಫೋನ್ ಇಟ್ಟಳು.